ನನ್ನ ಎಡಗಿವಿಗೆ ಆದದ್ದು

ಗೋವಾದ ವೆರ್ಣಾ ಕೈಗಾರಿಕಾ ವಸಾಹತಿನಲ್ಲಿ ಸಣ್ಣ ಮೋಟರುಗಳನ್ನು ತಯಾರಿಸುವ ಕಾರ್ಖಾನೆಯೊಂದಿದೆ. ಅಲ್ಲಿ ನನ್ನ ಕೆಲಸ ಕೇಳಿಸಿಕೊಳ್ಳುವುದಾಗಿತ್ತು. ಗೋಡೆಗಳಿಗೆಲ್ಲ ದಪ್ಪ ಸ್ಪಂಜು ಹಚ್ಚಿದ ಪುಟ್ಟ ಕೋಣೆ. ಓಡುವ ಪಟ್ಟಿಯ ಮೇಲೆ ಮೋಟರು ಬರುತ್ತದೆ. ಬಲಗೈಯಿಂದ ಸ್ವಿಚ್ಚು ಒತ್ತಿ, ಎಡಗೈಯಿಂದ ಅದನ್ನೆತ್ತಿ ಕಿವಿಯ ಹತ್ತಿರ ಹಿಡಿಯಬೇಕು. ಬೇರಿಂಗಿನಲ್ಲಿ ಧೂಳಿದ್ದರೆ ಸಣ್ಣಗೆ ಕಿರ್ರೆನ್ನುತ್ತದೆ, ಶಾಫ್ಟು ಸಡಿಲಿದ್ದರೆ ಟಕ್ಕೆನ್ನುತ್ತದೆ. ಇದನ್ನು ಅಳೆಯುವ ಯಂತ್ರವೂ ಇತ್ತು. ಆದರೆ ಯಂತ್ರ ಪಾಸು ಮಾಡಿದ್ದನ್ನು ಗಿರಾಕಿಗಳು ವಾಪಸು ಕಳಿಸುತ್ತಿದ್ದರು, ಹಾಗಾಗಿ ಕಂಪನಿ ನಮ್ಮಂಥ ಕೆಲವರ ಕಿವಿಗಳನ್ನೂ ಇಟ್ಟುಕೊಂಡಿತ್ತು. ಹತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಕೇಳಿದ್ದೆಲ್ಲ ಎಡಗಿವಿಯಿಂದ. ಬಲಗಿವಿ ನನಗೆ ಓಲೆ ಹಾಕಿಕೊಳ್ಳುವುದಕ್ಕಷ್ಟೇ ಇತ್ತು ಅಂದರೂ ನಡೆಯುತ್ತದೆ.

ನನ್ನ ಹೆಸರು ಗಿರಿಜಾ. ಫೋಂಡಾದಲ್ಲಿ ಮನೆ. ಗಂಡ ಶಿವಾನಂದ ಅಲ್ಲಿಯೇ ಬೆಳಗಾವಿ ಕಡೆಯ ಸಾವುಕಾರರೊಬ್ಬರ ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ಮಗಳು ಅಕ್ಷತಾ ಶಾಲೆಗೆ ಹೋಗುತ್ತಾಳೆ. ನನ್ನ ಅವ್ವ ನವಲಗುಂದದ ಕಡೆಯವಳು. ಮದುವೆಯಾಗಿ ಗೋವಾಕ್ಕೆ ಬಂದು, ಬೀಚಿನಲ್ಲಿ ಮಣಿಸರ, ಕಾಲ್ಗೆಜ್ಜೆ ಮಾರಿ ನಮ್ಮನ್ನು ಸಾಕಿದಳು. ನಾನು, ನನ್ನ ತಮ್ಮ ಪರಶು ಇಬ್ಬರೂ ಮರಳಿನಲ್ಲೇ ಬೆಳೆದವರು. ಊರ ಕಡೆಯ ನೆಂಟರು ಬಂದಾಗ, ಸಮುದ್ರದ ಬಾಜೂಕ ಇದ್ದೀಯಲ್ಲ, ಈಜು ಬರುತ್ತದೆಯೇ ಎಂದು ಕೇಳುತ್ತಾರೆ. ನಾನು ಮೊಣಕಾಲಿಗಿಂತ ಮೇಲಿನ ನೀರಿಗೆ ಇಳಿದವಳೇ ಅಲ್ಲ. ಅವ್ವ ಇಳಿಯಗೊಟ್ಟಿರಲಿಲ್ಲ. ಸಮುದ್ರಕ್ಕೆ ಬೆನ್ನು ಮಾಡಿ, ಗಿರಾಕಿಗಳ ಮುಖ ನೋಡುತ್ತ ನಡೆಯುವುದು ಅವಳ ರೂಢಿ. ನಮಗೂ ಅದನ್ನೇ ಕಲಿಸಿದ್ದಳು.

ಪರಶು ಮಾತ್ರ ಬೇರೆ ದಾರಿ ಹಿಡಿದ. ಪ್ರವಾಸಿಗಳನ್ನು ಸಮುದ್ರದ ತಳಕ್ಕೆ ಇಳಿಸಿ ಮೀನು ತೋರಿಸುವ ದೋಣಿಯೊಂದರಲ್ಲಿ ಗಾಳಿ ತುಂಬಿದ ಸಿಲಿಂಡರು ಹೊರುವ ಕೆಲಸಕ್ಕೆ ಸೇರಿ, ನಿಧಾನಕ್ಕೆ ತಾನೂ ಮುಳುಗುವುದನ್ನು ಕಲಿತು, ತರಬೇತಿ ಮುಗಿಸಿ, ಬೇರೆಯವರನ್ನು ಇಳಿಸಬಹುದು ಎಂಬ ಪರವಾನಗಿ ಕಾರ್ಡು ಪಡೆದುಕೊಂಡ. ಈಗ ಅವನಿಗೆ ಮೂವತ್ತು ದಾಟಿದೆ. ವಾಸ್ಕೋದ ಹತ್ತಿರ ಬಾಡಿಗೆ ಮನೆಯಲ್ಲಿ ಅವ್ವನ ಜೊತೆ ಇರುತ್ತಾನೆ. ಸಿಕ್ಕಾಗಲೆಲ್ಲ ಒಂದೇ ಮಾತು: "ಯಕ್ಕಾ, ಒಂದ್ಸಲ ಬಾ. ನೀರಿನ ಕೆಳಗ ಏನೈತಿ ಅಂತ ನಮ್ಮ ಮನ್ಯಾಗ ಯಾರರೆ ಒಬ್ಬರು ನೋಡಬೇಕಲ್ಲ?"

ದೀಪಾವಳಿ ಮುಗಿದ ಮೇಲೆ ಒಂದು ಭಾನುವಾರ ಹೋದೆ. ಹಿಂದಿನ ವಾರ ನೆಗಡಿಯಾಗಿತ್ತು, ಬಹುಮಟ್ಟಿಗೆ ಇಳಿದಿತ್ತು. ದೋಣಿಯಲ್ಲಿ ಪರಶು, ನೆಗಡಿ ಏನಾದರೂ ಇದೆಯೇ ಎಂದು ಕೇಳಿದ, ನಾನು ಹಾಗೆಯೇ ಹೇಳಿದೆ. ಅವನು ಸ್ವಲ್ಪ ಯೋಚಿಸಿ, "ಬಾಳ ಆಳ ಇಲ್ಲದಲ್ಲೆ ನೋಡಿ ಬರೂಣು" ಎಂದ. ಮೂಗು ಹಿಡಿದು ಊದುವುದನ್ನು ತೋರಿಸಿದ. ಕೆಳಗೆ ಇಳಿದಂತೆ ನೀರು ಕಿವಿಯನ್ನು ಒತ್ತುತ್ತದೆ, ಊದಿದರೆ ಒಳಗಿನಿಂದ ಗಾಳಿ ಬಂದು ಸಮ ಮಾಡುತ್ತದೆ.

"ಜೋರ ಊದಬ್ಯಾಡ. ಮೆಲ್ಲಕ ಊದು. ಆಗಲಿಲ್ಲಂದ್ರ ಕೈ ಹಿಂಗ ಅಲುಗಾಡ್ಸು, ನಾವು ಮ್ಯಾಲ ಬರೂಣು."

ಹಗ್ಗ ಹಿಡಿದುಕೊಂಡು ಇಳಿದೆವು. ಬಲಗಿವಿ ಟಪ್ಪೆಂದು ತೆರೆದುಕೊಂಡಿತು, ಎಡಗಿವಿ ತೆರೆಯಲಿಲ್ಲ. ಕೈ ಅಲುಗಾಡಿಸಿದೆ. ಪರಶು ನನ್ನನ್ನು ಸ್ವಲ್ಪ ಮೇಲೆ ತಂದ, ನೋವು ಕಡಿಮೆಯಾಯಿತು, ಮತ್ತೆ ಇಳಿದೆವು. ಇನ್ನೇನು ತಳ ಕಾಣಿಸುತ್ತದೆ ಅನ್ನುವಾಗ ಎಡಗಿವಿಯಲ್ಲಿ ದಬ್ಬಳ ಚುಚ್ಚಿದ ಹಾಗಾಯಿತು. ಮೂಗು ಹಿಡಿದು ಊದಿದೆ. ಆಗಲಿಲ್ಲ. ಇನ್ನೊಮ್ಮೆ, ಉಸಿರೆಲ್ಲ ಒಟ್ಟು ಮಾಡಿ ಊದಿದೆ. ಒಳಗೆ ಏನೋ ಬಿಟ್ಟುಕೊಂಡಿತು. ನೋವು ಅಲ್ಲಿಗೇ ನಿಂತಿತು. ಸರಿಹೋಯಿತು ಅಂದುಕೊಂಡು ಪರಶುವಿಗೆ ಸರಿ ಎಂಬ ಸನ್ನೆ ಮಾಡಿದೆ.

ಆಮೇಲೆ ಕೆಲವು ನಿಮಿಷ ನಾನು ಸಮುದ್ರದ ತಳ ನೋಡಿದೆ. ಫೋಟೋಗಳಲ್ಲಿರುವಷ್ಟು ತಿಳಿಯಾದ ನೀರಲ್ಲ. ಹಸಿರು ಮಬ್ಬಿನಲ್ಲಿ ಬಂಡೆಗಳು, ಯಾವುದೋ ಹಳೆಯ ಹಡಗಿನ ತುಕ್ಕು ಹಿಡಿದ ಕಬ್ಬಿಣ, ಅದರ ಸಂದಿಯಲ್ಲಿ ಪಟ್ಟೆಪಟ್ಟೆಯ ಮೀನುಗಳು. ಅವು ನಮ್ಮನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಬಹಳ ಚೆನ್ನಾಗಿತ್ತು. ಮುಂದೆ ಆದದ್ದೆಲ್ಲ ಗೊತ್ತಿದ್ದೂ ಅದನ್ನು ಚೆನ್ನಾಗಿರಲಿಲ್ಲ ಅನ್ನಲಾರೆ.

ಮೇಲೆ ಬಂದು ಏಣಿ ಹಿಡಿದಾಗ ದೋಣಿ ಮಗುಚುತ್ತಿದೆ ಅನ್ನಿಸಿತು. ದೋಣಿ ನೆಟ್ಟಗೇ ಇತ್ತು. ಇಬ್ಬರು ಸೇರಿ ನನ್ನನ್ನು ಎಳೆದುಕೊಂಡರು. ವಾಂತಿಯಾಯಿತು, ನಿಂತಿತು, ಮತ್ತೆ ಆಯಿತು. ಕಣ್ಣು ಮುಚ್ಚಿದರೂ ಎಲ್ಲ ತಿರುಗುತ್ತಿತ್ತು. ಎಡಗಿವಿಯಲ್ಲಿ ಕುಕ್ಕರ್ ಕೂಗುವ ಮೊದಲು ಮಾಡುವಂಥ ಸುಯ್ ಸದ್ದು. ದೋಣಿ ನಡೆಸುವವನು ನಿಂಬೆಹಣ್ಣು ಮೂಸಲು ಕೊಟ್ಟು, ಅಲೆಗೆ ಹೀಗಾಗುತ್ತದೆ ಎಂದ. ಪರಶು, "ದಂಡಿಗೆ ಹೋದ್ರ ಸರಿ ಆಕ್ಕತಿ ಯಕ್ಕಾ, ಕಿವ್ಯಾಗ ನೀರು ಹೊಕ್ಕಿರಬೇಕು" ಎಂದ. ಹಾಗೆ ಹೇಳುವಾಗ ನನ್ನ ಮುಖ ನೋಡಲಿಲ್ಲ.

ದಂಡೆಗೆ ಬಂದರೂ ನೆಲ ನಿಲ್ಲಲಿಲ್ಲ. ನನ್ನನ್ನು ಅವ್ವನ ಮನೆಗೆ ಕರೆದೊಯ್ದು ಮಲಗಿಸಿದರು. ಅವ್ವ ಒಳಗೆ ಹೋಗಿ ಬೆಳ್ಳುಳ್ಳಿ ಜಜ್ಜಿ ಎಣ್ಣೆ ಬಿಸಿಗಿಟ್ಟಳು. ಬಟ್ಟಲು ಹಿಡಿದು ನನ್ನ ತಲೆಯ ಹತ್ತಿರ ಕೂತಾಗ ಪರಶು ಅವಳ ಕೈ ಹಿಡಿದ.

"ಅವ್ವಾ, ಎಣ್ಣಿ ಬ್ಯಾಡ. ಕಿವ್ಯಾಗ ಏನೂ ಹಾಕಬ್ಯಾಡ."

"ಯಾಕೋ? ನಿಮಗ ಸಣ್ಣಂದಿನಿಂದ ಹಾಕೇನಿ. ಸತ್ತೀರೇನ?"

"ಬ್ಯಾಡಂದ್ರ ಬ್ಯಾಡ!"

ಅವನು ಅವ್ವನ ಮೇಲೆ ದನಿಯೇರಿಸಿದ್ದನ್ನು ನಾನು ಅಷ್ಟಾಗಿ ಕಂಡಿಲ್ಲ. ತಲೆ ತಿರುಗುತ್ತಿದ್ದುದರಿಂದ ಅದರ ಬಗ್ಗೆ ಹೆಚ್ಚು ಯೋಚಿಸಲಿಲ್ಲ. ಸಂಜೆ ಪರಿಚಯದವರ ಕಾರಿನಲ್ಲಿ ನನ್ನನ್ನು ಫೋಂಡಾಕ್ಕೆ ಬಿಟ್ಟು, ಶಿವಾನಂದರಿಗೆ ಎರಡು ದಿನ ಸುಧಾರಿಸಿಕೊಂಡರೆ ಆಯಿತು ಎಂದು ಹೇಳಿ ಹೋದ.

ಮರುದಿನ ಕೆಲಸಕ್ಕೆ ಹೋದೆ. ಕಂಪನಿ ಬಸ್ಸಿನಲ್ಲಿ ಮುಂದಿನ ಸೀಟಿನ ಕಂಬಿ ಹಿಡಿದು, ಒಂದೇ ಕಡೆ ದಿಟ್ಟಿಸುತ್ತ ಕೂತರೆ ಹೇಗೋ ನಡೆಯುತ್ತಿತ್ತು. ಸ್ಪಂಜಿನ ಕೋಣೆಯಲ್ಲಿ ಕುಳಿತು ಮೊದಲನೇ ಮೋಟರು ಎತ್ತಿದೆ. ಚೆನ್ನಾಗಿತ್ತು. ಎರಡನೆಯದೂ ಚೆನ್ನಾಗಿತ್ತು. ಆ ದಿನ ಬಂದ ಮೋಟರುಗಳೆಲ್ಲ ಅಷ್ಟು ಚೆನ್ನಾಗಿದ್ದವು ಎಂದರೆ, ಈ ಸಲದ ಬೇರಿಂಗು ಯಾವ ಕಡೆಯಿಂದ ತರಿಸಿದ್ದಾರೋ ಕೇಳಬೇಕು ಅಂದುಕೊಂಡೆ. ಒಂದಕ್ಕೂ ನಾಪಾಸಿನ ಕೆಂಪು ಚೀಟಿ ಅಂಟಿಸಲಿಲ್ಲ.

ನಮ್ಮ ಮೇಲ್ವಿಚಾರಕಿ ಫಿಲೋಮೆನಾ ಕೆಪೆ ಊರಿನವಳು, ಹೆಚ್ಚು ಮಾತಿನವಳಲ್ಲ. ಪಾಸಾದ ಮೋಟರುಗಳ ತಳ್ಳುಗಾಡಿಯ ಹತ್ತಿರ ಬಂದು ಒಂದನ್ನೆತ್ತಿ ಚಾಲೂ ಮಾಡಿದಳು. ನನ್ನ ಕಡೆ ನೋಡಿದಳು. ಇನ್ನೊಂದನ್ನು ಎತ್ತಿದಳು.

"ಗಿರಿಜಾ, ಆಯಕ್" ಎಂದಳು ಕೊಂಕಣಿಯಲ್ಲಿ, ಕೇಳು ಎಂದು.

ಎಡಗಿವಿಗೆ ಹಿಡಿದೆ. ಏನಿಲ್ಲ. ಅವಳು ನನ್ನ ಕೈಯಿಂದ ಮೋಟರನ್ನು ತೆಗೆದುಕೊಂಡು, ಸುತ್ತ ಬಳಸಿ ಬಂದು, ಬಲಗಿವಿಗೆ ಹಿಡಿದಳು. ಕಿರ್ರೋ ಎನ್ನುತ್ತಿತ್ತು. ಕುರುಡರೂ ಕಾಣುವಷ್ಟು ಅಂತಾರಲ್ಲ, ಹಾಗೆ ಕಿವುಡರಿಗೂ ಕೇಳುವಷ್ಟು. ನಾನು ಅವಳ ಮುಖ ನೋಡಿ ನಕ್ಕೆ. ಅವಳು ನಗಲಿಲ್ಲ. ಅಂದು ನಾನು ಪಾಸು ಮಾಡಿದ್ದನ್ನೆಲ್ಲ ಇನ್ನೊಬ್ಬರು ಮತ್ತೆ ಕೇಳಬೇಕಾಯಿತು.

ಕಂಪನಿಗೆ ಬರುವ ಡಾಕ್ಟರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿ, ಪರದೆ ಕೆಂಪಾಗಿದೆ, ನೆಗಡಿಯ ಬಾಬತ್ತು, ವಾರದಲ್ಲಿ ಇಳಿಯುತ್ತದೆ ಎಂದರು. ಸಮುದ್ರಕ್ಕೆ ಇಳಿದಿದ್ದೆ ಎಂದು ನಾನು ಹೇಳಿದ್ದೆ. ಎಷ್ಟು ಆಳಕ್ಕೆ, ಏನಾಯಿತು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಇಳಿಯುತ್ತದೆ ಎಂಬ ಮಾತು ಬೇಕಾಗಿತ್ತು, ಅದು ಸಿಕ್ಕಿತು, ಮನೆಗೆ ಬಂದೆ.

ಮಾರನೇ ದಿನ ಏಳಲಾಗಲಿಲ್ಲ. ಗೋಡೆ ಹಿಡಿದು ಬಚ್ಚಲಿಗೆ ಹೋಗಬೇಕು, ಗೋಡೆ ಹಿಡಿದು ಬರಬೇಕು. ಕೆಮ್ಮಿದರೆ ಕೋಣೆ ಒಂದು ಸುತ್ತು ಹಾಕುತ್ತಿತ್ತು. ಅಕ್ಷತಾ ಎಡಗಡೆ ಮಲಗಿ ಶಾಲೆಯ ಸುದ್ದಿ ಹೇಳುತ್ತಿದ್ದಳಂತೆ. ಸ್ವಲ್ಪ ಹೊತ್ತಿನ ಮೇಲೆ ಎದ್ದು ಕುಳಿತು, "ಮಮ್ಮಿ, ನಿನಗ ನನ್ನ ಮ್ಯಾಲ ಸಿಟ್ಟ ಬಂದೈತೇನ?" ಎಂದು ಕೇಳಿದಳು. ಅದೊಂದೇ ಮಾತು ನನಗೆ ಕೇಳಿಸಿದ್ದು. ಅವಳನ್ನು ಬಲಗಡೆಗೆ ಕರೆದು ಮಲಗಿಸಿಕೊಂಡೆ. ಹೆದರಿಕೆಯಾದದ್ದು ಆಗ. ಮೋಟರು ಕೇಳದಿದ್ದಾಗ ನಾಚಿಕೆಯಾಗಿತ್ತು, ಅಷ್ಟೆ.

ಪರಶುವಿಗೆ ಫೋನು ಮಾಡಿದೆ. ಏನು ಕೇಳಿದರೂ "ಹೂಂ", "ನೋಡೂಣು" ಎಂದು ಮುಗಿಸಿದ.

ಬುಧವಾರ ಬೆಳಿಗ್ಗೆ ಶಿವಾನಂದ ಅಂಗಡಿಗೆ ಹೊರಡುವ ಹೊತ್ತಿಗೆ ಅವನೇ ಬಂದ. ಒಳಗೆ ಬರಲಿಲ್ಲ. ಹೊಸ್ತಿಲ ಹತ್ತಿರ ಕುಕ್ಕರಗಾಲಲ್ಲಿ ಕುಳಿತ.

"ಯಕ್ಕಾ, ತಿರಗೂದು ನಿಂತಿಲ್ಲ?"

"ಇಲ್ಲ."

"ಕೇಳೂದು?"

"ಅದೂ ಇಲ್ಲ. ಯಾಕೋ?"

ಅವನು ನೆಲ ನೋಡುತ್ತ ಹೇಳಿದ: "ಇದು ನೀರಲ್ಲ. ನನಗ ಟ್ರೇನಿಂಗ್‌ನ್ಯಾಗ ಹೇಳಿದ್ರು. ಕಿವಿ ಬರೇ ಗಡಚ ಆಗಿ ಕಟಗೊಂಡ್ರ ತಾನ ಸರಿ ಆಕ್ಕತಿ, ಆದ್ರ ತಲಿ ತಿರಗಿ ಕಿವಿ ಕೇಳದಂಗ ಆದ್ರ ಅವತ್ತ ಕಿವಿ ಡಾಕ್ಟರ ಕಡೆ ಒಯ್ಯಬೇಕು ಅಂತ. ದೋಣ್ಯಾಗ ನನಗ ಅನಮಾನ ಬಂದಿತ್ತು."

ಶಿವಾನಂದ ಚಪ್ಪಲಿ ಮೆಟ್ಟುತ್ತಿದ್ದವರು ಅಲ್ಲಿಯೇ ನಿಂತರು. "ಗೊತ್ತಿದ್ದೂ ಸುಮ್ಮನಿದ್ಯಾ?"

"ಹೆದರಿದ್ನಿ ಮಾಮಾ. ಡಾಕ್ಟರು ಕೇಳ್ತಾರ, ಯಾರು ಇಳಿಸಿದ್ರು ಅಂತ. ಮಾಲಕಗ ಗೊತ್ತಾಕ್ಕತಿ. ಕಾರ್ಡು ಹೋಗತೈತಿ ಅಂತ ಹೆದರಿದ್ನಿ. ಎಷ್ಟೋ ಮಂದೀಗೆ ಹಂಗ ಆಗಿ ಎರಡು ದಿನಕ್ಕ ಸರಿ ಆಗ್ಯಾರ, ಅಕ್ಕಗೂ ಆಕ್ಕತಿ ಅಂತ ಕಾದ್ನಿ." ಆಮೇಲೆ ಎದ್ದು ನಿಂತ. "ಈಗ ಹೋದ್ರ ಹೋಗ್ಲಿ. ಗಾಡಿ ತಂದೇನಿ. ನಡೀರಿ."

ಶಿವಾನಂದ ಹೊಡೆಯುತ್ತಾರೇನೋ ಅನ್ನಿಸಿತು. ಅವರು ಹೊಡೆಯಲಿಲ್ಲ. ಅಂಗಡಿಗೆ ಫೋನು ಮಾಡಿ, ಬರುವುದಿಲ್ಲ ಎಂದು ಹೇಳಿ, ನನ್ನ ರಟ್ಟೆ ಹಿಡಿದು ಎಬ್ಬಿಸಿದರು. ಮಡಗಾಂವದವರೆಗೆ ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ನನ್ನನ್ನು ನಡುವೆ ಕೂರಿಸಿಕೊಂಡು ಹೋದರು. ಎಡಗಡೆ ಕೂತಿದ್ದವನು ಪರಶು, ಅವನು ಏನಾದರೂ ಹೇಳಿದ್ದರೂ ನನಗೆ ಕೇಳುತ್ತಿರಲಿಲ್ಲ.

ಕಿವಿ ಡಾಕ್ಟರ ಕಾಯುವ ಕೋಣೆ ಬೇರೆ ಡಾಕ್ಟರರ ಕೋಣೆಯ ಹಾಗಲ್ಲ. ಅಲ್ಲಿ ಎಲ್ಲರೂ ಗಟ್ಟಿಯಾಗಿ ಮಾತಾಡುತ್ತಾರೆ. ಒಬ್ಬ ಅಜ್ಜ ಹೆಂಡತಿಗೆ ತನ್ನ ಮಲಬದ್ಧತೆಯ ಬಗ್ಗೆ ಹೇಳುತ್ತಿದ್ದುದು ಬಾಗಿಲಿನವರೆಗೂ ಕೇಳಿಸುತ್ತಿತ್ತು. ಅಜ್ಜಿ "ಕಿತೆಂ?", ಏನು, ಎಂದು ಕೇಳಿದಾಗಲೆಲ್ಲ ಅವನು ಇನ್ನಷ್ಟು ವಿವರವಾಗಿ ಹೇಳುತ್ತಿದ್ದ. ಕುಳಿತವರೆಲ್ಲ ತಲೆಯನ್ನು ಯಾವುದಾದರೂ ಒಂದು ಕಡೆಗೆ ವಾಲಿಸಿಕೊಂಡಿದ್ದರು. ನಾನೂ ಹಾಗೆಯೇ ಕುಳಿತಿದ್ದೇನೆ ಎಂದು ಎದುರಿನ ಗಾಜಿನಲ್ಲಿ ಕಂಡಿತು. ನನ್ನ ಹೆಸರು ಕೂಗಿದ್ದು ಎಡಗಡೆಯಿಂದ. ನನಗೆ ಗೊತ್ತಾಗಲಿಲ್ಲ. ಪರಶು ಎದ್ದು ಕೈಯೆತ್ತಿದ.

ಡಾಕ್ಟರು ನನ್ನದೇ ವಯಸ್ಸಿನ ಹೆಂಗಸು, ಕೊಂಕಣಿಯಲ್ಲಿ ಮಾತಾಡಿಸಿದರು. ಗೋವಾದಲ್ಲೇ ಹುಟ್ಟಿದ ನನಗೆ ಅದು ಕನ್ನಡದಷ್ಟೇ ಸಲೀಸು. ಏನಾಯಿತು ಎಂದು ಕೇಳಿದ್ದು ನನ್ನನ್ನು. ಉತ್ತರ ಕೊಟ್ಟವನು ಪರಶು. ಎಷ್ಟು ಆಳ, ನಾನು ಎಲ್ಲಿ ತಡೆದೆ, ಹೇಗೆ ಊದಿದೆ, ಮೇಲೆ ಬಂದು ಎಷ್ಟು ಹೊತ್ತಿಗೆ ವಾಂತಿ, ಹಿಂದಿನ ವಾರದ ನೆಗಡಿ, ಎಲ್ಲವನ್ನೂ ಒಂದನ್ನೂ ಬಿಡದೆ ಹೇಳಿದ. ಕೊನೆಯಲ್ಲಿ, ಇಳಿಸಿದ್ದು ನಾನೇ, ಎಂದು ಸೇರಿಸಿದ. ಡಾಕ್ಟರು ಅವನತ್ತ ನೋಡಿ, "ನೀನು ತರಬೇತಿ ಆದವನಾ?" ಎಂದರು. ಹೌದು ಎಂದ.

"ಇಷ್ಟು ಸರಿಯಾಗಿ ಯಾರೂ ಹೇಳುವುದಿಲ್ಲ. ಬಂದವರೆಲ್ಲ ನೀರು ಹೋಗಿದೆ ಅನ್ನುತ್ತಾರೆ" ಎಂದರು, ಅಷ್ಟೆ. ಕಾರ್ಡಿನ ಮಾತೇ ಬರಲಿಲ್ಲ.

ಆಮೇಲೆ ಕಬ್ಬಿಣದ ಕವೆಯಂಥದ್ದೊಂದನ್ನು ಮೊಣಕೈಗೆ ತಟ್ಟಿ, ಗುಂಯ್ ಎನ್ನುತ್ತಿದ್ದಂತೆ ಅದರ ಬುಡವನ್ನು ನನ್ನ ಹಣೆಯ ನಡುವೆ ಇಟ್ಟರು. "ಯಾವ ಕಡೆ ಕೇಳಿಸುತ್ತದೆ?"

"ಬಲಗಡೆ."

"ಮತ್ತೊಮ್ಮೆ ಹೇಳಿ."

"ಬಲಗಡೆ."

ಅವರ ಮುಖದಲ್ಲಿ ಏನೋ ಸ್ವಲ್ಪ ಬದಲಾಯಿತು. ಕಿವಿ ಬರೀ ಕಟ್ಟಿಕೊಂಡಿದ್ದರೆ ಕೆಟ್ಟ ಕಿವಿಯಲ್ಲೇ ಹೆಚ್ಚು ಕೇಳಬೇಕಿತ್ತಂತೆ; ಒಳ್ಳೆಯ ಕಿವಿಗೆ ಓಡಿತೆಂದರೆ ಪೆಟ್ಟು ಒಳಗಿವಿಗೆ ಬಿದ್ದಿದೆ. ಎಡಗಿವಿಯ ಬಾಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿದರು. ಕೋಣೆ ಮಗುಚಿತು. ನಾನು ಅವರ ಮೇಜನ್ನು ತಬ್ಬಿಕೊಂಡೆ.

ಕೇಳುವ ಪರೀಕ್ಷೆಗೆ ಒಂದು ಗಾಜಿನ ಪೆಟ್ಟಿಗೆಯೊಳಗೆ ಕೂರಿಸಿದರು. ಗೋಡೆಗೆ ಅದೇ ಥರದ ಸ್ಪಂಜು. ಸದ್ದು ಕೇಳಿದಾಗ ಗುಂಡಿ ಒತ್ತಬೇಕು. ಬಲಗಿವಿಗೆ ಚಕಚಕನೆ ಒತ್ತಿದೆ. ಎಡಗಿವಿಯ ಸರದಿ ಬಂದಾಗ ಗಾಜಿನಾಚೆಯ ಹುಡುಗಿ ಒಂದಾದ ಮೇಲೊಂದು ಗುಂಡಿ ತಿರುಗಿಸುತ್ತಿದ್ದಳು, ನನ್ನ ಹೆಬ್ಬೆರಳು ಸುಮ್ಮನಿತ್ತು. ಅವಳು ಮೋಟರು ಕೇಳುವವಳು, ನಾನು ಮೋಟರು. ಕೆಂಪು ಚೀಟಿ ಬೀಳುತ್ತದೆ ಎಂದು ಆಗಲೇ ಗೊತ್ತಾಯಿತು.

ಒಳಗಿವಿಯನ್ನು ಮುಚ್ಚಿರುವ ತೆಳುವಾದ ಪೊರೆ ಹರಿದಿದೆ, ಒಳಗಿನ ನೀರು ಜಿನುಗುತ್ತಿದೆ ಎಂದು ಡಾಕ್ಟರು ಹೇಳಿದರು. ನಾನು ಜೋರಾಗಿ ಊದಿದ್ದಕ್ಕೇ ಹೀಗಾಯಿತೇ ಎಂದು ಕೇಳಿದೆ. ಆಗಿರಬಹುದು, ನೆಗಡಿಯಿಂದ ದಾರಿ ಕಟ್ಟಿತ್ತು, ಎಲ್ಲ ಸರಿ ಮಾಡಿದವರಿಗೂ ಆಗುತ್ತದೆ ಎಂದರು. "ಭಾನುವಾರವೇ ಬರಬೇಕಿತ್ತು. ಹಾಗಂತ ಹೊತ್ತು ಮೀರಿಲ್ಲ." ಇವತ್ತೇ ದಾಖಲಾಗಬೇಕು.

ಮೊದಲು ಔಷಧಿ ಮತ್ತು ವಿಶ್ರಾಂತಿ. ವಿಶ್ರಾಂತಿ ಎಂದರೆ ತಲೆ ಎತ್ತರಿಸಿ ಅಲುಗದೆ ಮಲಗುವುದು. ಬಗ್ಗಬಾರದು, ಮುಕ್ಕರಿಯಬಾರದು, ಸಿಂಬಳ ಸೀಟಬಾರದು. ಸೀನು ಬಂದರೆ ಬಾಯಿ ತೆರೆದುಕೊಂಡೇ ಸೀನಬೇಕು. ಒಳಗಡೆ ಒತ್ತಡ ಹೆಚ್ಚಿದರೆ ಹರಿದದ್ದು ಇನ್ನೂ ಹರಿಯುತ್ತದೆ. ಹತ್ತು ವರ್ಷ ಪಾಳಿಯಲ್ಲಿ ಕೆಲಸ ಮಾಡಿದವಳಿಗೆ ಹಗಲು ಹೊತ್ತು ಸುಮ್ಮನೆ ಮಲಗುವುದು ಮೊದಮೊದಲು ಸುಖ ಅನ್ನಿಸಿತು. ಆಮೇಲೆ ಕಿವಿಯ ಸದ್ದು ಮಾತ್ರ ಉಳಿಯಿತು. ಒಬ್ಬ ನರ್ಸು ಮೊದಲ ದಿನ ಎಡಗಡೆಯಿಂದ ಮಾತಾಡಿಸಿ, ನಾನು ಉತ್ತರ ಕೊಡದ್ದನ್ನು ಗಮನಿಸಿ, ಆಮೇಲೆ ಯಾರೂ ಹೇಳದಿದ್ದರೂ ಮಂಚ ಸುತ್ತಿ ಬಲಗಡೆಗೆ ಬಂದೇ ಮಾತಾಡಿಸುತ್ತಿದ್ದಳು. ಅವಳ ಹೆಸರು ಕೇಳಬೇಕೆಂದಿದ್ದೆ, ಕೇಳಲಿಲ್ಲ.

ಅವ್ವ ಬಂದಳು. ಪರಶು ಬಾಗಿಲಲ್ಲಿ ನಿಂತಿದ್ದ. ಅವನನ್ನು ದಾಟಿ ಬಂದು, ನನ್ನ ಬಲಗಡೆ ಕೂತು, ಅವನಿಗೂ ಕೇಳುವ ಹಾಗೆ ಅಂದಳು: "ಇದ್ದ ಒಬ್ಬ ಅಕ್ಕನ್ನ ನೀರಿಗೆ ಹಾಕಿದ್ನಲ್ಲ. ಮರಳಾಗ ಕಾಲು ಸುಟಗೊಂಡು ಇವನ್ನ ಸಾಕಿದ್ದು ಇದಕ್ಕೇನ?"

"ನಾನ ಹೋಗೇನಿ ಅವ್ವಾ. ಅವ ಕರದ, ನನಗ ನೋಡಬೇಕಂತ ಇತ್ತು, ಹ್ವಾದೆ."

"ಏನು ನೋಡೂದೈತಿ ಅಲ್ಲಿ?"

ಮೀನು ಅಂದೆ. ಅವ್ವ ನನ್ನ ಹೊದಿಕೆ ಸರಿ ಮಾಡುತ್ತ, "ದೊಡ್ಡವು ಇದ್ವೇನ?" ಎಂದು ಕೇಳಿದಳು. ಬಾಗಿಲಲ್ಲಿದ್ದ ಪರಶು ಮುಖ ತಿರುಗಿಸಿಕೊಂಡ. ಅಳುತ್ತಿದ್ದನೋ ನಗುತ್ತಿದ್ದನೋ ಗೊತ್ತಿಲ್ಲ.

ಕೆಲವು ದಿನ ಕಳೆದರೂ ತಲೆ ತಿರುಗುವುದು ನಿಲ್ಲದ್ದರಿಂದ ಆಪರೇಷನ್ ಮಾಡುವುದೆಂದಾಯಿತು. ಕಿವಿಯ ಹತ್ತಿರದಿಂದಲೇ ಒಂದು ಚೂರು ಮಾಂಸದ ಪೊರೆ ತೆಗೆದು ಹರಿದ ಜಾಗಕ್ಕೆ ತೇಪೆ ಹಾಕುತ್ತಾರೆ. ಶಿವಾನಂದ ಡಾಕ್ಟರನ್ನು ಹೊರಗೆ ತಡೆದು, "ಕೇಳಸತೈತೇನ್ರಿ ಆಮ್ಯಾಲ?" ಎಂದು ಕೇಳಿದರು. ತಾವು ಕನ್ನಡದಲ್ಲಿ ಕೇಳಿದ್ದು ಶಿವಾನಂದರಿಗೆ ಆಮೇಲೆ ಹೊಳೆಯಿತು; ಅಷ್ಟರಲ್ಲಿ ಡಾಕ್ಟರಿಗೆ ಪ್ರಶ್ನೆ ಅರ್ಥವಾಗಿತ್ತು. ತಲೆ ತಿರುಗುವುದು ನಿಲ್ಲುತ್ತದೆ ಎಂಬ ಭರವಸೆಯಿದೆ, ಕೇಳುವುದರ ಬಗ್ಗೆ ಮಾತು ಕೊಡಲಾರೆ ಎಂದರಂತೆ. ಈ ಮಾತನ್ನು ಶಿವಾನಂದ ನನಗೆ ಇದ್ದದ್ದು ಇದ್ದ ಹಾಗೆಯೇ ಹೇಳಿದರು, ಸಕ್ಕರೆ ಹಚ್ಚಲಿಲ್ಲ. ಅದಕ್ಕೆ ನಾನು ಇಂದಿಗೂ ಋಣಿ.

ಆಪರೇಷನ್ ನನಗೆ ನೆನಪಿಲ್ಲ. ಎಚ್ಚರವಾದ ಮೇಲೆ ಮೊದಲು ಗಮನಿಸಿದ್ದು ಮೇಲಿನ ಫ್ಯಾನನ್ನು. ಫ್ಯಾನು ತಿರುಗುತ್ತಿತ್ತು, ಕೋಣೆ ತಿರುಗುತ್ತಿರಲಿಲ್ಲ. ಎರಡು ದಿನದ ಮೇಲೆ ಗೋಡೆ ಮುಟ್ಟದೆ ಉದ್ದನೆಯ ಓಣಿಯಂಥ ವರಾಂಡದ ತುದಿಯವರೆಗೆ ನಡೆದೆ. ಎದುರಿಗೆ ಬರುತ್ತಿದ್ದವರೆಲ್ಲ ನೆಟ್ಟಗೆ ನಡೆಯುವುದನ್ನು ಒಂದು ವಿಶೇಷವೇ ಅಲ್ಲ ಎಂಬಂತೆ ನಡೆಯುತ್ತಿದ್ದರು.

ಕೇಳುವುದು ಅರ್ಧ ಬಂತು. ವಾರಗಳು ಕಳೆದು ಮತ್ತೆ ಗಾಜಿನ ಪೆಟ್ಟಿಗೆಯಲ್ಲಿ ಕೂರಿಸಿದಾಗ ದಪ್ಪ ಸದ್ದುಗಳಿಗೆ ನನ್ನ ಹೆಬ್ಬೆರಳು ಒತ್ತಿತು, ತೆಳು ಸದ್ದುಗಳಿಗೆ ಒತ್ತಲಿಲ್ಲ. ಎಡಗಿವಿಗೆ ಈಗ ಬಸ್ಸು ಕೇಳುತ್ತದೆ, ಬಾಗಿಲು ಬಡಿದದ್ದು ಕೇಳುತ್ತದೆ, ಗಂಡಸರ ಮಾತು ಕೇಳುತ್ತದೆ. ಅಕ್ಷತಾಳ ಪಿಸುಮಾತು ಕೇಳುವುದಿಲ್ಲ. ಮೋಟರಿನ ಟಕ್ಕು ಕೇಳುತ್ತದೆ, ಕಿರ್ರು ಕೇಳುವುದಿಲ್ಲ. ಇನ್ನು ಹೆಚ್ಚು ಬರುವುದಿಲ್ಲ ಎಂದು ಡಾಕ್ಟರು ನೇರವಾಗಿ ಹೇಳಿದರು. ಸುಯ್ ಸದ್ದು ಉಳಿದುಕೊಂಡಿದೆ. ಇದನ್ನು ಬರೆಯುವಾಗಲೂ ಇದೆ. ಅದರ ಬಗ್ಗೆ ಸಿಟ್ಟು ಬರುವುದು ಈಗ ಕಡಿಮೆ.

ಕೆಲಸಕ್ಕೆ ಮರಳಿದಾಗ ಫಿಲೋಮೆನಾ ನನ್ನ ಕುರ್ಚಿಯನ್ನು ತಿರುಗಿಸಿ, ಸ್ವಿಚ್ಚನ್ನು ಎಡಗಡೆಗೆ ಹಾಕಿಸಿ ಇಟ್ಟಿದ್ದಳು. ಬಲಗಿವಿಯಿಂದ ಕೇಳುವುದನ್ನು ಅಭ್ಯಾಸ ಮಾಡಿದೆ. ಅದು ಆರೋಗ್ಯವಾಗಿದ್ದ ಕಿವಿಯೇ, ಆದರೆ ಕಲಿಯದ ಕಿವಿ. ಮೇಲಾಗಿ ಎಡಗಿವಿಯ ಸುಯ್ ಸದ್ದು ಆ ನಿಶ್ಶಬ್ದ ಕೋಣೆಯಲ್ಲಿ ಎದ್ದು ನಿಲ್ಲುತ್ತಿತ್ತು. ಮೋಟರಿನದು ಯಾವುದು, ನನ್ನದು ಯಾವುದು ಎಂದು ತಿಳಿಯುತ್ತಿರಲಿಲ್ಲ. ನಾನು ಬಿಟ್ಟದ್ದನ್ನು ಫಿಲೋಮೆನಾ ಸದ್ದಿಲ್ಲದೆ ಹೆಕ್ಕಿ ತೆಗೆದಿಡುತ್ತಿದ್ದಳು. ಒಂದು ದಿನ ನಾನೇ ಹೋಗಿ, ನನ್ನನ್ನು ಬೇರೆ ಕಡೆ ಹಾಕು ಎಂದೆ. ಅವಳು, ಇನ್ನೊಂದು ತಿಂಗಳು ನೋಡೋಣ ಎಂದಳು. ಬೇಡ ಎಂದೆ. ಹೇಳುವಾಗ ದನಿ ಸರಿಯಿತ್ತು. ಊಟದ ಹೊತ್ತಿಗೆ ಕೈತೊಳೆಯುವ ಕಡೆ ನಲ್ಲಿ ಬಿಟ್ಟು ಸ್ವಲ್ಪ ಅತ್ತೆ.

ಈಗ ತಂತಿ ಸುತ್ತುವ ವಿಭಾಗದಲ್ಲಿದ್ದೇನೆ. ಅಲ್ಲಿ ಯಂತ್ರಗಳ ಗದ್ದಲ ಎಷ್ಟೆಂದರೆ ಸನ್ನೆಯಲ್ಲೇ ಮಾತಾಡಬೇಕು, ಕಿವಿಗೆ ಮುಚ್ಚಳ ಹಾಕಿಕೊಂಡೇ ಇರಬೇಕು. ಇದ್ದ ಕಿವಿಯನ್ನು ಜೋಪಾನ ಮಾಡುವ ವಿಷಯದಲ್ಲಿ ನಾನು ಆ ವಿಭಾಗದಲ್ಲೇ ಅತಿ ಕಟ್ಟುನಿಟ್ಟು. ಒಂದು ಅನುಕೂಲವಿದೆ: ಮುಚ್ಚಳ ದಾಟಿ ಬರುವ ಆ ಗುಂಯ್‌ಗುಡುವಿಕೆಯಲ್ಲಿ ನನ್ನ ಸುಯ್ ಸದ್ದು ಮುಳುಗಿಹೋಗುತ್ತದೆ. ಪಾಳಿ ಮುಗಿಯುವವರೆಗೂ ಅದು ಇಲ್ಲವೇ ಇಲ್ಲ ಅನ್ನಬಹುದು.

ಪರಿಚಯದವರು, ಪರಿಚಯದವರ ಪರಿಚಯದವರು, ಸಮುದ್ರಕ್ಕಿಳಿದು ಬಂದು ಕಿವಿ ಒಂಥರಾ ಆಗಿದೆ ಎಂದು ನನಗೆ ಫೋನು ಮಾಡುವುದುಂಟು. ನಾನು ಡಾಕ್ಟರಲ್ಲ. ನನಗೆ ಹೇಳಿದ್ದನ್ನು ಅವರಿಗೆ ಹೇಳುತ್ತೇನೆ. ಬರೀ ಗಡಚಾಗಿದ್ದರೆ ಹೆಚ್ಚಿನವರಿಗೆ ಕೆಲವು ದಿನಗಳಲ್ಲಿ ಬಿಡುತ್ತದೆ, ಬಿಡದಿದ್ದರೆ ತೋರಿಸಿ. ತಲೆ ತಿರುಗುತ್ತಿದ್ದರೆ, ಕೇಳುವುದು ಕಡಿಮೆಯಾಗಿದ್ದರೆ, ಒಳಗೆ ಸದ್ದು ಶುರುವಾಗಿದ್ದರೆ, ರಕ್ತವೋ ನೀರೋ ಸೋರುತ್ತಿದ್ದರೆ ಅಂದೇ ಕಿವಿಯ ಡಾಕ್ಟರ ಹತ್ತಿರ ಹೋಗಿ, ಇಂಥಷ್ಟು ಆಳಕ್ಕೆ ಇಳಿದಿದ್ದೆ ಎಂದು ಬಾಯಿಬಿಟ್ಟು ಹೇಳಿ. ಅಲ್ಲಿಯವರೆಗೆ ಎಣ್ಣೆ ಬೇಡ, ಹನಿ ಬೇಡ, ಮೂಗು ಹಿಡಿದು ಊದುವುದು ಬೇಡ, ವಿಮಾನ ಹತ್ತುವುದೂ ಬೇಡ. ಹೀಗೆ ಹೇಳಿದಾಗ ಅರ್ಧ ಜನ, ಇಲ್ಲ ಬಿಡಿ, ನೀರು ಹೋಗಿರಬೇಕು ಅನ್ನುತ್ತಾರೆ. ನನಗೆ ಅವರ ಮೇಲೆ ಬೇಸರವಿಲ್ಲ. ನೀರು ಎನ್ನುವುದು ಬಹಳ ಹಗುರಾದ ಮಾತು.

ಪರಶು ಆಸ್ಪತ್ರೆಯಿಂದ ನೇರವಾಗಿ ಹೋಗಿ ಮಾಲಕನಿಗೆ ಎಲ್ಲ ಹೇಳಿದ್ದ. ಕಾರ್ಡು ಹೋಗಲಿಲ್ಲ, ಕೆಲಸ ಹೋಯಿತು. ಆ ಹಂಗಾಮಿನ ಉಳಿದ ತಿಂಗಳು ಖಾಲಿ ಕುಳಿತು, ಮುಂದಿನ ಹಂಗಾಮಿಗೆ ಬೇರೊಂದು ದೋಣಿ ಸೇರಿದ. ಈ ಕೆಲಸವೇ ಬಿಡಲೇನು ಎಂದು ಒಮ್ಮೆ ನನ್ನನ್ನು ಕೇಳಿದ್ದ. ನಾನು ಬಿಡು ಅನ್ನಲಿಲ್ಲ, ಬಿಡಬೇಡ ಎಂದೂ ಅನ್ನಲಿಲ್ಲ. ನಮ್ಮಿಬ್ಬರ ನಡುವೆ ಆ ಮೂರು ದಿನಗಳ ಮಾತು ಮತ್ತೆ ಬಂದಿಲ್ಲ.

ಕಳೆದ ತಿಂಗಳು ಒಂದು ಮಧ್ಯಾಹ್ನ ಅವನ ಫೋನು ಬಂತು. ಹಿಂದೆ ದಂಡೆಯ ಗದ್ದಲ.

"ಯಕ್ಕಾ, ಇವತ್ತ ಒಬ್ಬಾವ ಮ್ಯಾಲ ಬಂದ ಕೂಡ್ಲೆ ತಲಿ ತಿರಗತೈತಿ ಅಂದ. ಎಲ್ಲಾರೂ ದೋಣಿ ಬ್ಯಾನಿ ಅಂದ್ರು. ಇನ್ನೂ ಆರು ಮಂದಿ ಇಳಿಯಾವ್ರಿದ್ರು, ರೊಕ್ಕ ಕೊಟ್ಟವ್ರು, ಬೈಯಾಕತ್ತಿದ್ರು. ನಾ ದೋಣಿ ತಿರಗಿಸಿದ್ನಿ. ಸೀದಾ ದಂಡಿಗೆ, ದಂಡಿಯಿಂದ ಸೀದಾ ಡಾಕ್ಟರ ಕಡೆ. ಈಗ ಒಳಗ ಕರಕೊಂಡ್ರು. ಟೈಮಿಗೆ ತಂದಿ ಅಂದ್ರು ಯಕ್ಕಾ."

ಫೋನು ಬಲಗಿವಿಯಲ್ಲಿತ್ತು. ಒಂದಕ್ಷರವೂ ತಪ್ಪದೆ ಕೇಳಿಸಿತ್ತು.

"ಏನಂದಿ?" ಎಂದೆ. "ಇನ್ನೊಮ್ಮೆ ಹೇಳು."

ಅವನು ಮೊದಲಿನಿಂದ ಹೇಳಿದ.